ಘಟ್ಟಕ್ಕೆ ಹೊರಡುವ ಮುನ್ನ

ಮೈಸೂರಿನಿಂದ ತಲಕಾವೇರಿಗೆ ನಡೆದು ಹೊರಟವರಿಗೆ ಬೆಟ್ಟ ಎದುರಾಗುವುದು ಬಲು ತಡವಾಗಿ. ಇಲವಾಲ, ಬಿಳಿಕೆರೆ, ಹುಣಸೂರು, ಪಿರಿಯಾಪಟ್ಟಣ, ಬೈಲುಕುಪ್ಪೆಗಳನ್ನು ದಾಟಿ ಕುಶಾಲನಗರದ ಹತ್ತಿರ ಕಾವೇರಿ ಕಾಣುವ ಹೊತ್ತಿಗೆ ಸುಮಾರು 90 ಕಿ.ಮೀ. ಸವೆದಿರುತ್ತದೆ, ನೆಲ ಏರಿರುವುದು ಮಾತ್ರ ನೂರು ಮೀಟರಿನೊಳಗೆ. ಆಮೇಲೆ ಮಡಿಕೇರಿಯವರೆಗಿನ 30 ಕಿ.ಮೀ.ಯಲ್ಲಿ 300 ಮೀಟರಿಗೂ ಮಿಕ್ಕ ಏರು; ಭಾಗಮಂಡಲ ಕಳೆದು ತಲಕಾವೇರಿ ಮುಟ್ಟಿದರೆ 1,276 ಮೀಟರ್ ಎತ್ತರ. ಘಟ್ಟದ ಪಯಣವನ್ನು ಬರೆದವರು ಸಾಮಾನ್ಯವಾಗಿ ಈ ಕೊನೆಯ ಭಾಗವನ್ನೇ ಬಣ್ಣಿಸುತ್ತಾರೆ: ಮಂಜು, ಜಿಗಣೆ, ಕಡಿದಾದ ದಾರಿ. ಮೊದಲಿನ 90 ಕಿ.ಮೀ. ಬರೀ ದೂರವೆಂದು ಬಿಟ್ಟುಹೋಗುತ್ತದೆ. ನನ್ನ ವಾದ ಇದಕ್ಕೆ ವಿರುದ್ಧವಾದದ್ದು. ಕೊಡಗಿಗೆ, ವಯನಾಡಿಗೆ, ಅವುಗಳಾಚೆಯ ಕರಾವಳಿಗೆ ಕಾಲ್ನಡಿಗೆಯಲ್ಲೋ ಎತ್ತಿನ ಗಾಡಿಯಲ್ಲೋ ಹೋದವರ ಗೆಲುವು ಸೋಲು ತೀರ್ಮಾನವಾದದ್ದು ಬಯಲಿನಲ್ಲಿ. ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ಸೀಮೆಯಲ್ಲಿ. ಈ ಊರುಗಳ ಕಸುಬು, ಸಂತೆ, ಜಾತ್ರೆ, ಸಾಲ ಎಲ್ಲದರ ಮೇಲೂ ಹೊರಡುವವರನ್ನು ಸಜ್ಜುಗೊಳಿಸಿದ ಕೆಲಸದ ಗುರುತಿದೆ. ಘಟ್ಟದ ನಡಿಗೆಯ ಇತಿಹಾಸ ಬರೆಯುವವರು ಮೊದಲು ಇಲ್ಲಿಗೆ ಬರಬೇಕು.

ಹುಣಸೂರನ್ನೇ ನೋಡಿ. ಲಕ್ಷ್ಮಣತೀರ್ಥದ ದಡದ ಈ ಊರಿನಲ್ಲಿ ಮೈಸೂರಿನ ದಾರಿ ಕವಲೊಡೆಯುತ್ತದೆ. ಒಂದು ಪಿರಿಯಾಪಟ್ಟಣ, ಮಡಿಕೇರಿ, ಸಂಪಾಜೆ ಹಿಡಿದು ಮಂಗಳೂರಿಗೆ ಇಳಿಯುತ್ತದೆ. ಇನ್ನೊಂದು ಗೋಣಿಕೊಪ್ಪ, ವಿರಾಜಪೇಟೆ, ಪೆರುಂಬಾಡಿ ಘಟ್ಟದ ಮೂಲಕ ಕಣ್ಣೂರಿಗೆ. ನಾಗರಹೊಳೆಯ ಕಾಡಿನೊಳಗಿಂದ ಕುಟ್ಟಕ್ಕೆ ಹೋಗುವ ಮೂರನೆಯ ಹಾದಿಯೂ ಇಲ್ಲಿಂದಲೇ ಹೊರಡುತ್ತದೆ. ಎರಡು ಬಂದರುಗಳಿಗೆ ಹೋಗುವ ದಾರಿಗಳು ಕೂಡುವ ಇಂಥ ಜಾಗದಲ್ಲಿ ಸಂತೆ ಬೆಳೆಯುವುದು ಸಹಜ. ಆದರೆ ಇಲ್ಲಿ ಬೆಳೆದದ್ದು ಸಂತೆಯೊಂದೇ ಅಲ್ಲ. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿಯಾಗಿ ಆರಂಭವಾಗಿ, ಟಿಪ್ಪುವಿನ ಕಾಲದಲ್ಲಿ ಅಮೃತಮಹಲ್ ಎಂದು ಹೆಸರಾದ ರಾಜ್ಯದ ದನದ ಇಲಾಖೆಯನ್ನು 1799ರ ನಂತರ ಇಂಗ್ಲಿಷರು ತಮ್ಮ ಸೈನ್ಯದ ಸಾಗಣೆಗೆಂದು ವಹಿಸಿಕೊಂಡರು. ಅದರ ಮುಖ್ಯ ಠಾಣೆ ಹುಣಸೂರಾಯಿತು. ಅದರ ಬೆನ್ನಿಗೇ ತೊಗಲು ಹದಮಾಡುವ ಕಾರ್ಖಾನೆ, ಸಿಪಾಯಿಗಳ ಬೂಟು ಮತ್ತು ಬೆನ್ನುಚೀಲ ಹೊಲಿಯುವ ಕೆಲಸ, ಕಂಬಳಿ ನೇಯ್ಗೆ, ಗಾಡಿ ಕಟ್ಟುವ ಕೊಟ್ಟಿಗೆ, ಮರದ ಅಡ್ಡೆ ಇವೆಲ್ಲ ಸರ್ಕಾರದ ಉಸ್ತುವಾರಿಯಲ್ಲಿ ಎದ್ದವು. ಸುತ್ತಲ ಕಾಡಿನಲ್ಲಿ ತೇಗ, ಬೀಟೆ, ಹೊನ್ನೆ ಇದ್ದವು. ತಾಲ್ಲೂಕಿನ ಕುರುಬರ ಮನೆಗಳಲ್ಲಿ ಕುರಿಯೂ ಮಗ್ಗವೂ ಇದ್ದವು. 1860ರ ದಶಕದಲ್ಲಿ ಖರ್ಚು ಉಳಿಸುವ ಹೆಸರಿನಲ್ಲಿ ಈ ವ್ಯವಸ್ಥೆ ಮುಚ್ಚಿತು, ಕಸುಬು ಮಾತ್ರ ಊರಿನಲ್ಲಿ ಉಳಿಯಿತು. ಹುಣಸೂರಿನ ಗಾಡಿ, ತೊಗಲು, ಕಂಬಳಿಗಳಿಗೆ ಆಮೇಲೂ ಒಳ್ಳೆಯ ಹೆಸರಿತ್ತು ಎಂಬುದನ್ನು ಲೂಯಿಸ್ ರೈಸ್ ಅವರ ಮೈಸೂರು ಗೆಜೆಟಿಯರ್ ದಾಖಲಿಸಿದೆ. ಕಾಲಿಗೆ ಬೂಟು, ಬೆನ್ನಿಗೆ ಚೀಲ, ಹೊದೆಯಲು ಕಂಬಳಿ, ಹೊರೆಗೆ ಎತ್ತು ಮತ್ತು ಗಾಡಿ: ಉದ್ದದ ಪಯಣಕ್ಕೆ ಬೇಕಾದುದೆಲ್ಲ ಒಂದೇ ಊರಿನಲ್ಲಿ ತಯಾರಾಗುತ್ತಿದ್ದ ಇಂಥ ಇನ್ನೊಂದು ಜಾಗವನ್ನು ಹಳೆಯ ಮೈಸೂರಿನಲ್ಲಿ ಹುಡುಕುವುದು ಕಷ್ಟ.

ತಯಾರಿಯ ಬೆಲೆ ಏನೆಂದು ತಿಳಿಯಲು ಯುದ್ಧದ ಕಾಲದ ದಾಖಲೆಗಳಷ್ಟು ಒಳ್ಳೆಯ ಸಾಕ್ಷಿ ಬೇರಿಲ್ಲ, ಏಕೆಂದರೆ ಸೈನ್ಯ ತಾನು ಹೊತ್ತದ್ದನ್ನೂ ಕಳೆದುಕೊಂಡದ್ದನ್ನೂ ಲೆಕ್ಕ ಬರೆದಿಡುತ್ತದೆ. 1791ರಲ್ಲಿ ಇಂಗ್ಲಿಷರ ಸೇನಾನಿ ಕಾರ್ನ್‌ವಾಲಿಸ್ ಪೂರ್ವದಿಂದ ಟಿಪ್ಪುವಿನ ರಾಜಧಾನಿ ಶ್ರೀರಂಗಪಟ್ಟಣದ ಮೇಲೆ ಬಂದ. ರಾಬರ್ಟ್ ಅಬರ್‌ಕ್ರೋಂಬಿ ಬೊಂಬಾಯಿ ಸೈನ್ಯವನ್ನು ಮಲಬಾರಿನಿಂದ ಕೊಡಗಿನ ಘಟ್ಟ ಹತ್ತಿಸಿ ಪಿರಿಯಾಪಟ್ಟಣದ ಕಡೆಗೆ ತಂದ. ಅರಕೆರೆಯ ಬಳಿ ಮೇ 15ರಂದು ಕಾರ್ನ್‌ವಾಲಿಸ್ ಕಾಳಗ ಗೆದ್ದ. ಗೆದ್ದರೂ ಅವನ ಎತ್ತುಗಳು ಮೇವಿಲ್ಲದೆ, ರೋಗ ಬಡಿದು ಸಾವಿರಗಟ್ಟಲೆ ಸತ್ತಿದ್ದವು, ಅಕ್ಕಿ ಮುಗಿದಿತ್ತು, ಮಳೆ ಆಗಲೇ ಹಿಡಿದಿತ್ತು. ಕೋಟೆ ಒಡೆಯಲು ತಂದ ಭಾರಿ ತೋಪುಗಳನ್ನು ತಾನೇ ನಾಶಮಾಡಿ ಅವನು ಹಿಂದಿರುಗಿದ. ಪಡುವಣದಲ್ಲಿ ಕಾಯುತ್ತಿದ್ದ ಅಬರ್‌ಕ್ರೋಂಬಿಯೂ ಬಂದ ಘಟ್ಟವನ್ನೇ ಇಳಿದು ಹೋಗಬೇಕಾಯಿತು. ಮರುವರ್ಷ ಇದೇ ಇಬ್ಬರು ಫೆಬ್ರುವರಿಯಲ್ಲಿ, ಒಣ ಹವೆಯಲ್ಲಿ, ಲಂಬಾಣಿಗಳ ಹೇರೆತ್ತುಗಳ ಮೇಲೆ ದವಸ ಹೊರಿಸಿಕೊಂಡು ಬಂದರು, ಶ್ರೀರಂಗಪಟ್ಟಣದ ಮುಂದೆ ಕೂಡಿಕೊಂಡರು. ಎರಡು ವರ್ಷಗಳ ನಡುವೆ ಘಟ್ಟದ ದಾರಿ ಬದಲಾಗಿರಲಿಲ್ಲ, ಸಿಪಾಯಿಗಳ ಧೈರ್ಯವೂ ಬದಲಾಗಿರಲಿಲ್ಲ. ಬದಲಾದದ್ದು ಹೊರಟ ತಿಂಗಳು ಮತ್ತು ಎತ್ತಿನ ಮೇಲಿನ ಹೊರೆ. 1799ರಲ್ಲಿ ಜನರಲ್ ಸ್ಟೂವರ್ಟ್ ಅದೇ ಪಾಠವನ್ನು ಪಾಲಿಸಿದ. ಫೆಬ್ರುವರಿ ಕೊನೆಯಲ್ಲಿ ಕಣ್ಣೂರು ಬಿಟ್ಟ ಅವನ ಸೈನ್ಯಕ್ಕೆ ಕೊಡಗಿನ ದೊಡ್ಡ ವೀರರಾಜ ದನ, ದವಸ ಒದಗಿಸಿದ. ಮಾರ್ಚ್ 6ರಂದು ಪಿರಿಯಾಪಟ್ಟಣದ ಹತ್ತಿರದ ಸಿದ್ದೇಶ್ವರದಲ್ಲಿ ಟಿಪ್ಪು ತಾನೇ ಬಂದು ಎರಗಿದರೂ ಆ ದಂಡು ನಿಂತಿತು. ಇತ್ತ ಮೈಸೂರಿನ ಪಡೆಗಳ ವೇಗದ ಗುಟ್ಟೂ ಅಮೃತಮಹಲ್ ಎತ್ತುಗಳೇ ಎಂದು ಅವರ ಶತ್ರುಗಳೇ ಬರೆದಿದ್ದಾರೆ. ಯುದ್ಧ ಮುಗಿದ ಮೇಲೆ ಇಂಗ್ಲಿಷರು ಆ ದನಗಳನ್ನು ಅಷ್ಟು ಆಸೆಯಿಂದ ಇಟ್ಟುಕೊಂಡದ್ದಕ್ಕೆ ಬೇರೆ ಕಾರಣ ಬೇಕಿಲ್ಲ.

ಈ ದಂಡಯಾತ್ರೆಗಳಿಗೆ ಬೆಲೆ ತೆತ್ತವರು ದಾರಿಯ ಊರಿನವರು ಎಂಬುದನ್ನು ಹೇಳದೆ ಮುಂದೆ ಹೋಗಲಾಗದು. ಚಂಗಾಳ್ವರ ಕಾಲದಿಂದ ಕೊಡಗಿನ ಬಾಗಿಲಾಗಿದ್ದ ಪಿರಿಯಾಪಟ್ಟಣವನ್ನು 1640ರ ದಶಕದಲ್ಲಿ ಕಂಠೀರವ ನರಸರಾಜ ಒಡೆಯರು ಗೆದ್ದರು. ಆಮೇಲೆ ಅದು ಮೈಸೂರಿಗೂ ಕೊಡಗಿಗೂ ನಡುವೆ ಪದೇ ಪದೇ ತುಳಿತಕ್ಕೆ ಸಿಕ್ಕಿತು. ಬೊಂಬಾಯಿ ಸೈನ್ಯಕ್ಕೆ ನೆಲೆಯಾಗಬಾರದೆಂದು ಟಿಪ್ಪು ಕೋಟೆಯನ್ನು ಕೆಡವಿಸಿದ. 1800ರಲ್ಲಿ ಫ್ರಾನ್ಸಿಸ್ ಬುಕಾನನ್ ಬಂದಾಗ ಕಂಡದ್ದು ಹುಲಿಗಳು ಓಡಾಡುವ ಪಾಳು ಪಟ್ಟಣವನ್ನು.

ಕ್ಯಾಲೆಂಡರಿನ ಮಾತನ್ನು ಇನ್ನಷ್ಟು ಬಿಡಿಸಬೇಕು, ಏಕೆಂದರೆ ಸಾಮಾನ್ಯ ಜನರ ತಯಾರಿ ಅಡಗಿರುವುದು ಅದರಲ್ಲಿ. ಮೈಸೂರಿನಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 800 ಮಿ.ಮೀ.; ನೂರಿಪ್ಪತ್ತು ಕಿ.ಮೀ. ಆಚೆಯ ಮಡಿಕೇರಿಯಲ್ಲಿ 3,000 ಮಿ.ಮೀ. ಮೀರುತ್ತದೆ, ಅದರಲ್ಲೂ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲಿ. ಸೇತುವೆ ಇಲ್ಲದ ಕಾಲದಲ್ಲಿ ಕಾವೇರಿ ತುಂಬಿತೆಂದರೆ ದಾರಿಯೇ ನಿಂತಂತೆ. ಹಾಗಾಗಿ ಹೊರಡುವ ದಿನವನ್ನು ನಡೆಯುವವನು ಆರಿಸುತ್ತಿರಲಿಲ್ಲ, ಮಳೆ ಮತ್ತು ಬೆಳೆ ಆರಿಸುತ್ತಿದ್ದವು. ತಲಕಾವೇರಿಯಲ್ಲಿ ತುಲಾ ಸಂಕ್ರಮಣದ ತೀರ್ಥೋದ್ಭವ ಬರುವುದು ಅಕ್ಟೋಬರ್ 17ರ ಸುಮಾರಿಗೆ: ದೊಡ್ಡ ಮಳೆ ಇಳಿದಿರುತ್ತದೆ, ಹೊಳೆಗಳು ತಗ್ಗುತ್ತಿರುತ್ತವೆ, ಬಯಲಿನಲ್ಲಿ ರಾಗಿ ಇನ್ನೂ ಕೊಯ್ಲಿಗೆ ಬಂದಿರುವುದಿಲ್ಲ. ಮೈಸೂರು ಸೀಮೆಯ ರೈತನಿಗೆ ಬೆಟ್ಟಕ್ಕೆ ಹೋಗಿ ಬರಲು ಇದಕ್ಕಿಂತ ಅನುಕೂಲದ ಬಿಡುವು ವರ್ಷದಲ್ಲಿ ಇಲ್ಲ. ಹಬ್ಬದ ದಿನವನ್ನು ಇದಕ್ಕೆಂದೇ ಗೊತ್ತುಮಾಡಿದರು ಎಂದು ನಾನು ವಾದಿಸುವುದಿಲ್ಲ. ಅದು ಸೂರ್ಯನ ಗತಿಯಿಂದ ಬಂದದ್ದು. ಆದರೆ ಆ ದಿನದ ಯಾತ್ರೆ ಬಯಲಿನ ಊರುಗಳಲ್ಲಿ ಇಷ್ಟು ಆಳವಾಗಿ ಬೇರುಬಿಡಲು ಈ ಬಿಡುವೂ ಒಂದು ಕಾರಣವೆಂದು ನಂಬುತ್ತೇನೆ.

ದೂರದ ಲೆಕ್ಕವೂ ಇದೇ ಕಥೆಯನ್ನು ಹೇಳುತ್ತದೆ. ಹುಣಸೂರಿನಿಂದ ಪಿರಿಯಾಪಟ್ಟಣ, ಪಿರಿಯಾಪಟ್ಟಣದಿಂದ ಕುಶಾಲನಗರ, ಒಂದೊಂದೂ 20ರಿಂದ 25 ಕಿ.ಮೀ. ಒಳಗೆ. ಹೊರೆ ಹೊತ್ತವನೋ ಹೇರು ತುಂಬಿದ ಗಾಡಿಯೋ ಒಂದು ಹಗಲಿಗೆ ಸಾಗುವ ದೂರ ಇಷ್ಟೇ. ಮೈಸೂರಿನಿಂದ ಹುಣಸೂರಿಗೆ 45 ಕಿ.ಮೀ., ಎರಡು ದಿನದ ದಾರಿ, ನಡುವೆ ತಂಗಲು ಬಿಳಿಕೆರೆ. ಈ ಪೇಟೆಗಳ ನಡುವಿನ ಅಂತರವನ್ನು ಅಳೆದದ್ದು ಮನುಷ್ಯನ ಮತ್ತು ಎತ್ತಿನ ಕಾಲು. ಸಂಜೆ ತಲುಪುವಲ್ಲಿ ಛತ್ರ, ನಡುವೆ ಅರವಟ್ಟಿಗೆ, ಇಕ್ಕೆಲದಲ್ಲಿ ಸಾಲುಮರ, ಎತ್ತಿಗೆ ಲಾಳ ಹೊಡೆಯುವವನು, ಗಾಲಿಯ ಹಳಿ ಸಡಿಲವಾದರೆ ಕಾಯಿಸಿ ಬಿಗಿಯುವ ಕಮ್ಮಾರ. ಹೊರಡುವವರ ಗಂಟಿನಲ್ಲಿ ರಾಗಿ ಹುರಿಹಿಟ್ಟು, ಅವಲಕ್ಕಿ, ಬೆಲ್ಲ, ಉಪ್ಪು ಮೆಣಸಿನಕಾಯಿ. ಎತ್ತಿಗೆ ಹುರುಳಿ, ಹುಲ್ಲು. ಗಾಡಿಯಡಿ ತೂಗುವ ಕೀಲೆಣ್ಣೆಯ ಬುರುಡೆ. ಕಾಲಿಗೆ ಎಕ್ಕಡ, ತಲೆಯ ಮೇಲಿಂದ ಕಂಬಳಿ ಕೊಪ್ಪೆ. ಹುರಿಹಿಟ್ಟಿಗೆ ಒಲೆ ಬೇಡ, ನೀರಿದ್ದರೆ ಸಾಕು. ಕಂಬಳಿ ಬಿಸಿಲಿಗೆ ನೆರಳು, ಮಳೆಗೆ ಕೊಪ್ಪೆ, ರಾತ್ರಿಗೆ ಹಾಸಿಗೆ. ನೆನೆದರೂ ಮೈ ಬೆಚ್ಚಗಿಡುವ ಗುಣ ಉಣ್ಣೆಗಿದೆ, ಹತ್ತಿಗಿಲ್ಲ. ಇಂದಿನ ಚಾರಣಿಗರು ದುಬಾರಿ ಅಂಗಡಿಗಳಲ್ಲಿ ಕೊಳ್ಳುವ ಗುಣಗಳೇ ಇವು: ಹಗುರ, ಒಂದಕ್ಕಿಂತ ಹೆಚ್ಚು ಉಪಯೋಗ, ಬೇಯಿಸದೆ ತಿನ್ನುವ ಆಹಾರ.

ಕೃಷ್ಣರಾಜನಗರದ ಪಾಲು ಬೇರೆ ಬಗೆಯದು. ಹಳೆಯ ಎಡತೊರೆ ಕಾವೇರಿಯ ದಡದಲ್ಲಿತ್ತು; 1924ರ ಮಹಾಪೂರದ ನಂತರ ಎತ್ತರದ ಜಾಗದಲ್ಲಿ ಹೊಸ ಪಟ್ಟಣ ಕಟ್ಟಿ ನಾಲ್ವಡಿ ಕೃಷ್ಣರಾಜ ಒಡೆಯರ ಹೆಸರಿಟ್ಟರು. ಕಟ್ಟೆ, ಕಾಲುವೆಗಳ ನೀರಿನಿಂದ ಭತ್ತದ ಕಣಜವೆನಿಸಿದ ಸೀಮೆ ಇದು. ಸಂಕ್ರಾಂತಿಯ ಹೊತ್ತಿಗೆ ಚುಂಚನಕಟ್ಟೆಯ ದನಗಳ ಜಾತ್ರೆ. ಒಂದು ಜೊತೆ ಎತ್ತು ಕೊಂಡು, ಸುಗ್ಗಿಯ ಅಕ್ಕಿ ಹೇರಿ, ಬೇಸಿಗೆಯ ಒಣ ದಾರಿಯಲ್ಲಿ ಬಾಡಿಗೆ ದುಡಿಯಬಯಸುವ ಗಾಡಿಕಾರನಿಗೆ ಅಕ್ಕಿಯೂ ಎತ್ತೂ ಕಾಲವೂ ಒಂದೇ ಕಡೆ ಕೂಡಿಬರುತ್ತಿದ್ದವು. ಮೈಸೂರು–ಅರಸೀಕೆರೆ ರೈಲುದಾರಿ ಈ ತಾಲ್ಲೂಕನ್ನು ಹಾದುಹೋಯಿತು. ಹುಣಸೂರಿಗೂ ಕೊಡಗಿಗೂ ರೈಲು ಬರಲೇ ಇಲ್ಲ. ಲಾರಿಗಳು ಬರುವವರೆಗೆ ಘಟ್ಟದ ದಾರಿಯಲ್ಲಿ ಗಾಡಿಯದೇ ರಾಜ್ಯ.

ಈ ತಯಾರಿಯ ಕಹಿ ಮುಖವೊಂದಿದೆ. 1834ರಲ್ಲಿ ಕೊಡಗು ಇಂಗ್ಲಿಷರ ಕೈಸೇರಿತು. 1854ರಲ್ಲಿ ಫೌಲರ್ ಎಂಬಾತ ಮಡಿಕೇರಿಯ ಬಳಿ ಯುರೋಪಿಯನ್ನರ ಮೊದಲ ಕಾಫಿ ತೋಟ ಆರಂಭಿಸಿದ. ಮುಂದಿನ ದಶಕಗಳಲ್ಲಿ ತೋಟಗಳು ಹಬ್ಬಿದಂತೆ ಮೈಸೂರು ಸೀಮೆಯ ಕೂಲಿಯಾಳುಗಳು ತಂಡ ತಂಡವಾಗಿ ಘಟ್ಟ ಹತ್ತಿದರು. ಬಯಲಿನಲ್ಲಿ ರಾಗಿ ಕೊಯ್ಲು ಮುಗಿಯುವುದೂ ತೋಟದಲ್ಲಿ ಹಣ್ಣು ಕೀಳುವ ಕೆಲಸ ಏರುವುದೂ ಹೆಚ್ಚುಕಡಿಮೆ ಒಂದೇ ಕಾಲ. ಹೊರಡುವ ಮೊದಲು ಮೇಸ್ತ್ರಿ ಮುಂಗಡ ಕೊಡುತ್ತಿದ್ದ. ಮನೆಯ ಹಳೇ ಸಾಲ ತೀರಿಸುವುದು, ಹಿಂದೆ ಉಳಿಯುವ ಮುದುಕರಿಗೆ ಕಾಳು ಕೊಂಡಿಡುವುದು, ದಾರಿಯ ಬುತ್ತಿ, ಕಂಬಳಿ ಎಲ್ಲವೂ ಆ ಮುಂಗಡದಲ್ಲೇ. ಅಂದರೆ ಪಯಣ ಶುರುವಾಗುತ್ತಿದ್ದುದೇ ಸಾಲದಿಂದ. ಮುಂಗಡ ಪಡೆದು ಕೆಲಸ ಬಿಟ್ಟವನನ್ನು ಅಪರಾಧಿಯಾಗಿ ಕಾಣುವ 1859ರ ಕಾಯಿದೆ ತೋಟದ ಮಾಲೀಕರ ಬೆನ್ನಿಗಿತ್ತು. ಇದರ ಮೇಲೆ ಚಳಿಜ್ವರ; ನಾಗರಹೊಳೆ, ಹೆಗ್ಗಡದೇವನಕೋಟೆ, ವಯನಾಡಿನ ಕಾಡಂಚು ಅದಕ್ಕೆ ಕುಖ್ಯಾತವಾಗಿತ್ತು. ಹೀಗೆ ಹೋದವರ ಹೆಸರುಗಳು ತೋಟದ ಲೆಕ್ಕಪುಸ್ತಕದಲ್ಲಿ ಕೂಲಿಯ ಸಂಖ್ಯೆಯಾಗಿ ಕರಗಿಹೋಗಿವೆ. ಈ ಸೀಮೆಯಲ್ಲಿ ಬೆಟ್ಟದ ದಾರಿಯನ್ನು ಅತಿ ಹೆಚ್ಚು ಸಲ ತುಳಿದವರು ಸಿಪಾಯಿಗಳೂ ಅಲ್ಲ, ಯಾತ್ರಿಕರೂ ಅಲ್ಲ, ಇವರು ಎಂದು ನಾನು ತಿಳಿಯುತ್ತೇನೆ.

ಇಲ್ಲಿ ಒಂದು ಆಕ್ಷೇಪ ಬರುತ್ತದೆ. ಹೊಟ್ಟೆಪಾಡಿಗೆ, ಹರಕೆಗೆ, ಅಪ್ಪಣೆಗೆ ನಡೆದವರನ್ನು ಇಷ್ಟಪಟ್ಟು ಬೆಟ್ಟ ಸುತ್ತುವ ಚಾರಣಿಗರ ಸಾಲಿನಲ್ಲಿ ನಿಲ್ಲಿಸುವುದು ಸರಿಯೇ? ಅಮೆರಿಕದ ಅಪಲೇಚಿಯನ್ ದಾರಿಯನ್ನೇ ತೆಗೆದುಕೊಳ್ಳಿ: 1921ರಲ್ಲಿ ಬೆಂಟನ್ ಮೆಕಾಯ್ ಪ್ರಸ್ತಾಪಿಸಿದ, ಸುಮಾರು 3,500 ಕಿ.ಮೀ. ಉದ್ದದ ಕಾಲುದಾರಿ. 1948ರಲ್ಲಿ ಅರ್ಲ್ ಶೇಫರ್ ಅದನ್ನು ಒಂದೇ ಸಲಕ್ಕೆ ನಡೆದು ಮುಗಿಸಿದ. ಅಲ್ಲಿಂದ ಅದು ಒಂದು ಸಂಪ್ರದಾಯವೇ ಆಗಿದೆ. ಉದ್ದೇಶದಲ್ಲಿ ಇವೆರಡೂ ಬೇರೆ, ಒಪ್ಪುತ್ತೇನೆ. ಸಾಲದ ಹೊರೆ ಹೊತ್ತವನ ನಡಿಗೆಗೂ ರಜೆ ಹಾಕಿ ಬಂದವನ ನಡಿಗೆಗೂ ನಡುವಿನ ಅಂತರವನ್ನು ಮರೆಸುವ ಹೋಲಿಕೆ ಅನ್ಯಾಯದ್ದು. ಆದರೆ ನನ್ನ ವಾದ ಉದ್ದೇಶದ ಬಗ್ಗೆ ಅಲ್ಲ, ಕ್ರಮದ ಬಗ್ಗೆ. ಅಲ್ಲಿಯೂ ದಕ್ಷಿಣದ ಜಾರ್ಜಿಯಾದಿಂದ ವಸಂತದಲ್ಲಿ ಹೊರಡದಿದ್ದರೆ ಉತ್ತರದ ಮೇಯ್ನ್ ರಾಜ್ಯದ ಚಳಿಗೆ ಮೊದಲು ಮುಟ್ಟಲಾಗದು. ಅಲ್ಲಿಯೂ ಮುಂದಿನ ಊರುಗಳ ಅಂಚೆ ಕಚೇರಿಗೆ ಮೊದಲೇ ಆಹಾರದ ಪೊಟ್ಟಣ ಕಳಿಸಿಡುತ್ತಾರೆ. ಹೊರಡುವ ತಿಂಗಳು, ಹೊರೆಯ ತೂಕ, ದಾರಿಯ ನೆಲೆಗಳು ಎಂಬ ಮೂರು ಲೆಕ್ಕಗಳು ಸರಿಯಾದರೆ ಮಾತ್ರ ಕಾಲಿನ ಬಲಕ್ಕೆ ಬೆಲೆ. ಹುಣಸೂರಿನ ಗಾಡಿಕಾರನಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಎರಡನೆಯ ಆಕ್ಷೇಪ ಹೆಚ್ಚು ಗಟ್ಟಿಯಾದದ್ದು. ಕಾಡಿನೊಳಗಿನ ಜೇನುಕುರುಬರು, ಬೆಟ್ಟಕುರುಬರು, ಯರವರು ಯಾವ ಠಾಣೆಯನ್ನೂ ಛತ್ರವನ್ನೂ ನೆಚ್ಚದೆ ಇದೇ ಬೆಟ್ಟಗಳಲ್ಲಿ ತಲೆತಲಾಂತರದಿಂದ ನಡೆದಿದ್ದಾರಲ್ಲ? ಹೌದು, ಮತ್ತು ಇದು ನನ್ನ ವಾದಕ್ಕೆ ಮಿತಿ ಹಾಕುತ್ತದೆ. ನಾನು ಹೇಳುತ್ತಿರುವುದು ಬೆಟ್ಟವನ್ನು ಹಾದುಹೋದವರ ಕಥೆ, ಬೆಟ್ಟದಲ್ಲೇ ಬಾಳಿದವರದಲ್ಲ. ಗೆಡ್ಡೆ ಎಲ್ಲಿ, ಜೇನು ಯಾವಾಗ, ಆನೆ ಯಾವ ಹಾದಿಯಲ್ಲಿ ಎಂದು ಬಲ್ಲವರಿಗೆ ಪ್ರತ್ಯೇಕ ತಯಾರಿ ಬೇಕಿರಲಿಲ್ಲ. ಹುಟ್ಟಿನಿಂದ ಕಲಿತದ್ದೇ ತಯಾರಿ. ಎಚ್.ಡಿ. ಕೋಟೆಯಿಂದ ಅಂತರಸಂತೆ, ಕಾಕನಕೋಟೆ, ಬಾವಲಿ ಹಾದು ಮಾನಂತವಾಡಿಗೆ ಹೋಗುವ ದಾರಿಯಲ್ಲಿ ಬಯಲಿನವರು ನೆಚ್ಚಿದ್ದು ಇವರ ತಿಳಿವಳಿಕೆಯನ್ನು. ಆ ಉಪಕಾರಕ್ಕೆ ಸಿಕ್ಕ ಪ್ರತಿಫಲ ನೋವಿನದು. 1972ರ ವನ್ಯಜೀವಿ ಕಾಯಿದೆ, ಕಬಿನಿ ಜಲಾಶಯ, ಆಮೇಲೆ ರಾಷ್ಟ್ರೀಯ ಉದ್ಯಾನದ ಗಡಿ ಒಂದರ ಹಿಂದೊಂದು ಬಂದು ಹಾಡಿಗಳನ್ನು ಕಾಡಂಚಿಗೆ ತಳ್ಳಿದವು. ಕಾಡಿನ ಕಾಲುದಾರಿಗಳನ್ನು ಬಲ್ಲವರಿಗೇ ಇಂದು ಆ ದಾರಿಗಳು ಮುಚ್ಚಿವೆ.

ಮೂರನೆಯದು ಪಿರಿಯಾಪಟ್ಟಣ ತಾಲ್ಲೂಕಿನೊಳಗಿಂದಲೇ ಏಳುವ ಪ್ರಶ್ನೆ. ಬೈಲುಕುಪ್ಪೆಯ ಟಿಬೆಟನ್ನರು ನಮ್ಮಲ್ಲಿ ಯಾರೂ ನಡೆಯದಷ್ಟು ಕಠಿಣವಾದ ಬೆಟ್ಟದ ದಾರಿ ನಡೆದವರು, ಯಾವ ತಯಾರಿಯೂ ಇಲ್ಲದೆ. 1959ರ ಮಾರ್ಚ್ 17ರ ರಾತ್ರಿ ದಲೈ ಲಾಮಾ ಲ್ಹಾಸಾ ಬಿಟ್ಟು, ಮಾರ್ಚ್ 31ರಂದು ಭಾರತದ ಗಡಿ ದಾಟಿದರು. ಹಿಂದೆಯೇ ಸಾವಿರಾರು ಜನ ಹಿಮದ ಕಣಿವೆಗಳನ್ನು ಹಾದು ಬಂದರು. ಧೈರ್ಯವೊಂದೇ ಸಾಕೆಂದು ಇದು ತೋರಿಸುವುದಿಲ್ಲವೇ? ನನಗೆ ಕಾಣುವುದು ಬೇರೆ. ಹೊರಡುವ ತಿಂಗಳನ್ನಾಗಲಿ ಹೊರೆಯನ್ನಾಗಲಿ ಆರಿಸಲಾಗದ ಆ ಜನ ದಾರಿಯಲ್ಲೂ, ಅಸ್ಸಾಮಿನ ಸೆಕೆಯ ಶಿಬಿರಗಳಲ್ಲೂ ತೆತ್ತ ಜೀವಗಳೇ ತಯಾರಿಯಿಲ್ಲದ ನಡಿಗೆಯ ಬೆಲೆ. ಅವರ ಪಯಣ ನಿಜವಾಗಿ ಮುಗಿದದ್ದು 1960–61ರಲ್ಲಿ ಮೈಸೂರು ಸರ್ಕಾರ ಬೈಲುಕುಪ್ಪೆಯಲ್ಲಿ ಸುಮಾರು 3,000 ಎಕರೆ ನೆಲ ಕೊಟ್ಟಾಗ, ಅವರೇ ಕಾಡು ಕಡಿದು ಮುಸುಕಿನ ಜೋಳ ಬಿತ್ತಿದಾಗ. ಶತಮಾನಗಳ ಕಾಲ ಪಯಣಿಗರನ್ನು ಬೆಟ್ಟಕ್ಕೆ ಕಳಿಸಿದ ಸೀಮೆ ಬೆಟ್ಟದಿಂದ ಬಂದವರಿಗೆ ನೆಲೆಯೂ ಆಯಿತು ಎಂಬುದು ಈ ತಾಲ್ಲೂಕು ಹೆಮ್ಮೆಪಡಬೇಕಾದ ಸಂಗತಿ.

ಇಂದು ಮೈಸೂರಿನಿಂದ ಮಡಿಕೇರಿಗೆ ಬಸ್ಸಿನಲ್ಲಿ ಮೂರು ಗಂಟೆಯ ಆಸುಪಾಸು. ಚಾರಣಿಗರು ಇರ್ಪು ಜಲಪಾತದ ಬಳಿ ಇಳಿದು ನೇರ ಬ್ರಹ್ಮಗಿರಿ ಹತ್ತುತ್ತಾರೆ. 90 ಕಿ.ಮೀ. ಸಮನೆಲದಲ್ಲಿ ನಾಲ್ಕು ದಿನ ನಡೆದು ಕಾಲು, ಹೊರೆ, ಎಕ್ಕಡಗಳನ್ನು ಪರೀಕ್ಷಿಸಿಕೊಳ್ಳುವ ಅವಕಾಶ ಇಲ್ಲವಾಗಿದೆ. ತಯಾರಿ ಕಾಣೆಯಾದಲ್ಲಿ ಗುಂಪು ನುಗ್ಗುತ್ತದೆ. 2024ರ ಜನವರಿಯಲ್ಲಿ ಕುಮಾರಪರ್ವತದಲ್ಲಿ ಒಮ್ಮೆಗೇ ನೆರೆದ ಜನಸಂದಣಿಯನ್ನು ಕಂಡು ಸರ್ಕಾರ ಆನ್‌ಲೈನ್ ಬುಕಿಂಗ್ ಇಲ್ಲದ ಚಾರಣಗಳನ್ನು ತಡೆಹಿಡಿಯಬೇಕಾಯಿತು. ತಡೆ ಬೇಕಿತ್ತು, ಆದರೆ ಅದು ಬೆಟ್ಟದ ಬುಡದಲ್ಲಿ ಮಾತ್ರ ಕೆಲಸ ಮಾಡುತ್ತದೆ. ಸಿದ್ಧತೆ ಕಲಿಸುವ ಜಾಗ ಬಯಲಿನಲ್ಲಿದೆ, ಮತ್ತು ಅದರ ನೆನಪು ವೇಗವಾಗಿ ಅಳಿಯುತ್ತಿದೆ. ಹೆದ್ದಾರಿ ಅಗಲವಾದಾಗಲೆಲ್ಲ ಸಾಲುಮರ ಉರುಳುತ್ತದೆ. ಅಮೃತಮಹಲ್ ಠಾಣೆ ಹುಣಸೂರಿನಲ್ಲಿತ್ತೆಂದು ಅಲ್ಲಿನ ಶಾಲೆಯ ಮಕ್ಕಳಿಗೆ ಹೇಳುವವರು ವಿರಳ. ಗಾಡಿ ಕಟ್ಟಿದ ಬಡಗಿಗಳ, ಕಂಬಳಿ ನೇಯ್ದ ಕುರುಬರ, ಎಕ್ಕಡ ಹೊಲಿದವರ, ಮೇಸ್ತ್ರಿಯ ಮುಂಗಡ ಪಡೆದು ತೋಟಕ್ಕೆ ನಡೆದವರ ಮಕ್ಕಳು ಮೊಮ್ಮಕ್ಕಳು ಈ ನಾಲ್ಕು ತಾಲ್ಲೂಕುಗಳಲ್ಲಿ ಇದ್ದಾರೆ. ತಾಲ್ಲೂಕು ಸಾಹಿತ್ಯ ಪರಿಷತ್ತುಗಳೂ ಕಾಲೇಜುಗಳ ಇತಿಹಾಸ ವಿಭಾಗಗಳೂ ಮನಸ್ಸು ಮಾಡಿ, ಅವರ ಮನೆಗಳಿಗೆ ಹೋಗಿ, ಹಿರಿಯರಿಂದ ಕೇಳಿದ್ದನ್ನು ಅವರ ಮಾತಿನಲ್ಲೇ ಬರೆದಿಡಬೇಕು. ಈ ಕೆಲಸವನ್ನು ಇನ್ನು ಮುಂದೂಡಬೇಡಿ.